ತೊಟ್ಟು

ಬ್ಯಾಡಗಿಯೊಳಗ ಸೀನದವರು ಯಾರದಾರ?
ಸೋಮವಾರ, ಗುರುವಾರ ಪ್ಯಾಟಿ ಕೂಡಿದ್ರ
ಬಸ್ಸಿನ ಕಂಡಕ್ಟರನೂ ಟಿಕೀಟು ಹರಿಯೂಮುಂದ ಸೀನತಾನ.
ನಮ್ಮ ದಾವಲ ಮಾತ್ರ ಸೀನತಿದ್ದಿಲ್ಲ.
ಚೀಲದ ಒಟ್ಟಿನ ಮ್ಯಾಲ ಬಾಯಿ ತಗದು ಮಲಗಿ
ಗೊರಕಿ ಹೊಡೀತಿದ್ದ.
'ಹುಟ್ಟಾ ಹಮಾಲ ಇಂವಾ' ಅಂತ
ಅಬ್ಬಾನ ಜೋಡಿದಾರರು ನಗತಿದ್ರು.
ನಾವೂ ನಕ್ಕಿವಿ.

ಹದಿನಾಲ್ಕು ತುಂಬಿತ್ತು, ದನಿ ಒಡೀಬೇಕಾದ ವಯಸ್ಸು.
ಒಡೀಲಿಲ್ಲ, ಮುಚ್ಚಿಕೊಂತು.
'ಮ' ಹೋಗಿ 'ಬ' ಆತು, 'ನ' ಹೋಗಿ 'ದ'.
ಮೆಣಸಿನಕಾಯಿ, ಬೆಡಸಿದಕಾಯಿ.
ರಾತ್ರಿ ನೀರಡಿಸಿ 'ಅಮ್ಮಾ' ಅಂತ ಕರದ್ರ
'ಅಬ್ಬಾ' ಅಂತ ಕೇಳಿ
ದಿನವಿಡೀ ಮೂಟಿ ಹೊತ್ತು ಬಿದ್ದಿದ್ದ ಅಬ್ಬಾ ಎದ್ದು
ತಂಬಿಗಿ ತರತಿದ್ದ.
ಅಮ್ಮನ ಹೊಟ್ಯಾಗ ಸಣ್ಣ ಕಿಚ್ಚು.

ರಕ್ತ ಮೊದಲು ಬಂದದ್ದು ದಿಂಬಿನ ಮ್ಯಾಲ.
ಈ ಊರಾಗ ಕೆಂಪು ಕಲಿ ಯಾರು ಎಣಸತಾರ?
ಉಷ್ಣ ಅಂದ್ರು. ನೆತ್ತಿಗೆ ತಣ್ಣೀರು ಹೊಯ್ದ್ವಿ,
ಗರಿಕಿ ರಸ ಹಿಂಡಿದ್ವಿ,
ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡದ್ವಿ,
ಗಾಳಿನ ಹೋಗದ ಮೂಗಿಗೆ.
ಮೂರನೇ ಸಲ ಬಚ್ಚಲ ತುಂಬ ಹರದಾಗ
ಟೆಂಪೋ ಮಾಡಿಕೊಂಡು ಹಾವೇರಿಗೆ.

ಹೂಲಿ ಡಾಕ್ಟರಬಾಯಿ ಒಳಗ ಬೆಳಕು ಬಿಟ್ಟು
ಭಾಳೊತ್ತು ಸುಮ್ಮನಿದ್ರು.
ಬಾಜೂಕ ನಿಂತ ಹುಡುಗ ಡಾಕ್ಟರ ಚಿಮಟಿಗಿ ಎತ್ತಿ
'ಒಂದು ಚೂರು ಕಿತ್ತು ಪರೀಕ್ಷಾಕ್ಕ ಕಳಸೂಣೇನ್ರಿ?'
'ಕೈ ಹಚ್ಚಬ್ಯಾಡ' ಅಂದ್ರು. ಒದರಲಿಲ್ಲ.
'ಇದು ಬರೇ ರಕ್ತನಾಳದ ಗಂಟು, ಕಿತ್ತಿದ್ರ ನಿಲ್ಲಂಗಿಲ್ಲ.
ಸ್ಕ್ಯಾನ್ ತಗದ ಗುರುತು ಹಿಡೀಬೇಕು.'
ನಮ್ಮ ಕಡೆ ತಿರುಗಿ: ಕ್ಯಾನ್ಸರ್ ಅಲ್ಲ, ಸಾಧು ಗಂಟು.
ಹೆಚ್ಚಾಗಿ ಈ ವಯಸ್ಸಿನ ಗಂಡುಹುಡುಗರಿಗೇ ಬರೂದು.
ಅಮ್ಮ ನನ್ನ ಮಾರಿ ನೋಡಿದಳು.
ಹತ್ತೊಂಬತ್ತು ವರ್ಷದಾಗ ಮೊದಲ ಸಲ
ಹೆಣ್ಣು ಅಂತ ಏನೋ ಒಂದು ತಪ್ಪಿತ್ತು ನನಗ.

ಹುಬ್ಬಳ್ಳ್ಯಾಗ ಕರಿ ಹಾಳಿ ಕಿಟಕಿಗೆ ಹಿಡದ್ರು.
ಮೂಗಿನ ಹಿಂದ ಬೆಳ್ಳಗ ಹೊಳೀತಿತ್ತು,
ಗಲ್ಲದ ಹಿಂದಿನ ಎಲುವಿನ ಗ್ವಾಡಿ ಮುಂದಕ್ಕ ಬಾಗಿಸಿ.
'ಸಾಧು ಅಂದಿದ್ರಲ್ರಿ' ಅಂದ ಅಬ್ಬಾ.
'ಸಾಧುನ. ಆದ್ರ ಕಣ್ಣಿನ ಕಡೆ ಹೊಂಟೇತಿ.'

ಆಪರೇಷನ್ನಿನ ಹಿಂದಿನ ದಿನ
ತೊಡಿ ಸಂದಿಯಿಂದ ದಾರದಂಥ ನಳಿಗಿ ಏರಿಸಿ
ಗಂಟಿಗೆ ಹೋಗೂ ರಕ್ತಕ್ಕ ಒಡ್ಡು ಹಾಕಿದ್ರು.
ಎರಡು ಬಾಟ್ಲಿ ರಕ್ತ ಬೇಕಂದ್ರು.
ತಕ್ಕಡಿ ಮ್ಯಾಲ ನಿಂತೆ: ನಲವತ್ತಾರು ಕಿಲೋ.
'ನಲವತ್ತೈದಕ್ಕ ನಡೀತೈತಿ' ಅಂದ್ಲು ನರ್ಸ್.
ಬೆರಳು ಹಿಡದು, 'ಇದೇನ ಹಿಂಗ ಕೆಂಪು?'
ತೊಟ್ಟು ಬಿಡಸ್ತೀನ್ರಿ.

'ಮಾರಿ ಮ್ಯಾಲ ಒಂದು ಗೀರೂ ಬೀಳಂಗಿಲ್ಲ,
ಹೊಳ್ಳಿಯಿಂದನ ತಗೀತೀವಿ,' ಅಂದ್ರು ಅಲ್ಲಿಯ ಸರ್ಜನ್.
'ಆದ್ರ ತೊಟ್ಟು ಉಳೀಬಾರದು.
ಉಳದ್ರ ಮತ್ತ ಬೆಳೀತೈತಿ.'
ಅಷ್ಟು ದಿನದಾಗ ಪೂರಾ ತಿಳದ ಮಾತು ಅದೊಂದ ನನಗ.
ಏಳು ವರ್ಷ ಅಂಗಳದಾಗ ಕುಂತು ಕಲ್ತದ್ದು ಅದನ್ನ:
ಕಾಯಿ ಹರೀಬಾರದು, ಬೀಜ ಸಿಡೀಬಾರದು,
ತೊಟ್ಟು ಟೊಪ್ಪಿಗಿ ಸಮೇತ ಬರಬೇಕು.

ಐದು ತಾಸು.
ಬಾಕಿನ ಮ್ಯಾಲ ಅಮ್ಮನ ಬೆರಳು ತಾವಾಗೇ ಆಡತಿದ್ದವು,
ಇಲ್ಲದ ಕಾಯಿ ಬಿಡಸ್ಕೋತ.

ಮೂಗಿಗೆ ತುರುಕಿದ ಬಟ್ಟಿ ಮೂರನೇ ದಿನ ತಗದ್ರು.
ಊರಿಗೆ ಬಂದದ್ದು ಒಂದು ಗುರುವಾರ.
ಬಸ್ ಸ್ಟ್ಯಾಂಡಿನ್ಯಾಗ ಇಳದು ದಾವಲ ಸೀನಿದ,
ನಾವು ಮೂರೂ ಮಂದಿ ಅವನ ಕರ್ಚೀಪಿನ ಮ್ಯಾಲ ಬಗ್ಗಿದ್ವಿ.
ಬೆಳ್ಳಗಿತ್ತು.

ಆರು ತಿಂಗಳಿಗೊಮ್ಮೆ ಕರಿ ಹಾಳಿ ತರತೀವಿ ಇನ್ನೂ.
ಆ ವಾರ ಯಾರಿಗೂ ರೊಟ್ಟಿ ಇಳಿಯಂಗಿಲ್ಲ.

ಈಗ ರಾತ್ರಿ ಅಂವ 'ಅಮ್ಮಾ' ಅಂದ್ರ
ಮ ತುಂಬಿ ಬರತೈತಿ, ಅದೂ ಗಡಸು ದನ್ಯಾಗ.
ಅಮ್ಮ ಏಳತಾಳ.
ಆದ್ರ ಅಬ್ಬಾಗ ರೂಢಿ ಬಿದ್ದೇತಿ,
ಅಂವನೂ ಕತ್ತಲದಾಗ ತಡವರಿಸಿ ಏಳತಾನ.
ಎರಡು ತಂಬಿಗಿ ನೀರು ಕುಡದು
ಮಲಗತಾನ ದಾವಲ, ಬಾಯಿ ಮುಚ್ಚಿ.